ಹಳೆಯ ಬೋಲ್ಟಿಗೆ ಬಿದ್ದ ಹೊಸ ಮುದ್ರೆ

ಬೋರ್ತೊಲೊ ಯಾರ ಕೈಯನ್ನೂ ಕುಲುಕುವವನಲ್ಲ. ಎದುರು ಬಂದವರಿಗೆ ಮೊಣಕೈ ಚಾಚುತ್ತಾನೆ, ಏಕೆಂದರೆ ದೀಪದ ಮಸಿ ಅವನ ಬೆರಳುಗಳನ್ನು ಬಿಡುವುದೇ ಇಲ್ಲ. ಹೊಸ ಬಿಡಿಭಾಗವನ್ನು ಹೊಗೆಗೆ ಹಿಡಿದು, ಕೂರಿಸಿ, ತೆಗೆದು, ಮಸಿ ಅಳಿಸಿಹೋದಷ್ಟು ಕಡೆ ಮಾತ್ರ ಅರ ಆಡಿಸಿ, ಮತ್ತೆ ಹೊಗೆಗೆ ಹಿಡಿದು, ಹೀಗೆ ಬಂದೂಕಿಗೇ ಹೆಸರಾದ ನಮ್ಮ ಗಾರ್ದೋನೆ ಊರಿನಲ್ಲಿ, ಸನ್ನೆ ಎಳೆದು ಗುಂಡು ತುಂಬುವ ಅಮೆರಿಕದ ಅಪರೂಪದ ಹಳೆಯ ಬಂದೂಕುಗಳಿಗೆ ಪ್ರತಿರೂಪ ಮಾಡುವವರಲ್ಲಿ ಅವನಷ್ಟು ನಿಧಾನಿ ಇನ್ನೊಬ್ಬನಿಲ್ಲ.

ಒಮ್ಮೆ ಎರ್ಸೀಲಿಯಾ ಎಂಬ ಹಿರಿಯಾಕೆ, ತೀರಿಹೋದ ಗಂಡ ಜೋಪಾನ ಮಾಡಿದ್ದ ಅಂಥದೊಂದು ಅಸಲಿ ಬಂದೂಕನ್ನು ಮಾದರಿಗೆಂದು ಕೊಟ್ಟರು. "ಏನಾದ್ರೂ ಆದ್ರೆ ಅವರು ಗೋರಿಯಿಂದ ಎದ್ದು ಬರ್ತಾರೆ ನೋಡು" ಎಂದರು.

ಅಳತೆ ಸರಿಯೇ ಎಂದು ನೋಡಲು ಬೋರ್ತೊಲೊ ಹಳೆಯದರ ಬೋಲ್ಟಿಗೂ, ಅಂದರೆ ಗುಂಡಿನ ಹಿಂಬದಿ ಮುಚ್ಚುವ ಉಕ್ಕಿನ ತುಂಡಿಗೂ, ಮಸಿ ಹಿಡಿಸಿ ಹೊಸ ಬಂದೂಕಿನಲ್ಲಿ ಕೂರಿಸಿ ನೋಡಿದ. ಎರಡೂ ಬೋಲ್ಟು ಒಂದೇ ಕಪ್ಪು. ಹೊಸ ಬಂದೂಕು ಪರೀಕ್ಷಾಮನೆಗೆ ಹೋಯಿತು. ಅಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸುತ್ತಾರೆ, ತಡೆದುಕೊಂಡರೆ ಆ ವರ್ಷದ ಮುದ್ರೆ ಒತ್ತುತ್ತಾರೆ. ಮಧ್ಯಾಹ್ನ ಹಳೆಯದರ ಸನ್ನೆ ಎಳೆದರೆ, ಯಾವಾಗಲೂ ಗಡಗಡ ಅನ್ನುತ್ತಿದ್ದದ್ದು ಬಿಗಿಯಾಗಿ ಮುಚ್ಚಿಕೊಂಡಿತು. ಒಳಗಿದ್ದದ್ದು ಹೊಸ ಬೋಲ್ಟು.

"ಸಂತೀನಾ, ಹಳೇ ಬೋಲ್ಟು ಪರೀಕ್ಷೆಗೆ ಹೋಗ್ಬಿಟ್ಟಿದೆ ಕಣೇ. ಸಿಡಿದ್ರೆ ಮುಗೀತು."

ಪಕ್ಕದಲ್ಲಿ ಮರ ಉಜ್ಜುತ್ತಿದ್ದ ಹೆಂಡತಿ ಕಿರುಚಿದಳು: "ನನ್ ಮುಖ ಏನ್ ನೋಡ್ತೀಯ ಮಾರಾಯ, ಓಡು!"

ಓಡಲು ಅವನಿಗೆ ಬಾರದು. ನೆಲಕ್ಕೆ ನೋವಾದೀತೆಂಬಂತೆ ಹೆಜ್ಜೆಯಿಡುವವನು ಅಂದೂ ಹಾಗೆಯೇ, ಆದರೆ ಟೊಪ್ಪಿಯಿಲ್ಲದೆ, ಮೆಲ್ಲಾ ನದಿಯ ಸೇತುವೆ ದಾಟಿದ. ಕಾಫಿ ಅಂಗಡಿಯಿಂದ ಯಾರೋ ಕೂಗಿದರು: "ಏನ್ ಬೋರ್ತೊಲೊ, ಮನೆಗೆ ಬೆಂಕಿ ಬಿತ್ತಾ?"

ಪರೀಕ್ಷಾಮನೆಯ ದೊಲೋರೆಸ್ ಬಂದೂಕನ್ನು ಮುಂದೆ ಸರಿಸಿದಳು. "ಹಾರಿಸಾಯ್ತು, ಪಾಸಾಯ್ತು, ತಗೋ. ಏನೋ ಇದು, ಹೆಣದ ಬಣ್ಣಕ್ಕೆ ತಿರುಗಿದೀಯ?"

ಬೋರ್ತೊಲೊ ಬೋಲ್ಟನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಕೂದಲೆಳೆಯಷ್ಟೂ ಬಿರುಕಿಲ್ಲ. ಬೆಂಚಿನ ಮೇಲೆ ಕುಸಿದು ನೀರು ಕೇಳಿದ, ಕುಡಿದ, ಮತ್ತೆ ಕೇಳಿದ. ಆಮೇಲೆ ಕಂಡದ್ದು: ಬೋಲ್ಟಿನ ಹೊಟ್ಟೆಯ ಮೇಲೆ ಈ ವರ್ಷದ ಮುದ್ರೆ, ಹೊಸದಾಗಿ ಒತ್ತಿದ್ದು.

ಅರ ನಾಲ್ಕು ಸಲ ಆಡಿಸಿದ್ದರೆ ಅಳಿಸಿಹೋಗುತ್ತಿತ್ತು. ಆಡಿಸಲಿಲ್ಲ. ಸಂಜೆ ಎರ್ಸೀಲಿಯಾರ ಅಡುಗೆಮನೆಗೆ ಹೋಗಿ ಬೋಲ್ಟನ್ನು ಮೇಜಿನ ಮೇಲಿಟ್ಟು ಆದದ್ದನ್ನೆಲ್ಲ ಹೇಳಿದ. ಆಕೆ ಒಲೆಯ ಮೇಲಿದ್ದ ಪೊಲೆಂತ, ಮೆಕ್ಕೆಜೋಳದ ಮುದ್ದೆ, ತಿರುವುವುದನ್ನು ನಿಲ್ಲಿಸಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, ನಕ್ಕುಬಿಟ್ಟರು.

"ಇಷ್ಟು ಕಾಲ ಪರೀಕ್ಷೆನೇ ಬರೀದೆ ತಿರುಗಿದೆ ಇದು! ಈಗ್ಲಾದ್ರೂ ಪಾಸಾಯ್ತಲ್ಲ, ಬಿಡು. ಕೂತ್ಕೋ, ಉಣ್ಣು."

"ಮಾಡಿದೋನು ಯಾರೋ, ಚೆನ್ನಾಗಿ ಮಾಡಿದ್ದ" ಎಂದಷ್ಟೇ ಅಂದು ಅವನು ಕುಳಿತ.

ಇನ್ನೊಬ್ಬರು ಎಂದೋ ಮಾಡಿಟ್ಟದ್ದನ್ನೇ ಮತ್ತೆ ಮಾಡುತ್ತ ಆಯುಷ್ಯ ಸವೆಸುವವರು ಸತ್ತವನೊಬ್ಬನ ಕೈಯನ್ನು ನಂಬಿ ಬದುಕುತ್ತಾರೆ. ಆ ಕೈ ತಮ್ಮನ್ನು ಕೈಬಿಡಲಿಲ್ಲವೆಂದು ಕಣ್ಣಾರೆ ಕಾಣುವ ದಿನ ಅವರಲ್ಲಿ ಎಲ್ಲರಿಗೂ ಬರುವುದಿಲ್ಲ. ಬಂದವರು ಆ ರಾತ್ರಿ ಹೊಟ್ಟೆತುಂಬ ಉಣ್ಣುತ್ತಾರೆ.