ಶನಿವಾರದ ಕೆಮ್ಮು

ಮಶಾಕಸಾಬನ ಕೆಮ್ಮಿಗೆ ವಾರ ಗೊತ್ತಿತ್ತು. ಬೇರೆಯವರಿಗೆ ಕೆಮ್ಮು ಮಳೆಗೆ ಬರುತ್ತದೆ, ಚಳಿಗೆ ಬರುತ್ತದೆ, ಕರಿದ ತಿಂಡಿಗೆ ಬರುತ್ತದೆ. ಇವನದು ಮಾತ್ರ ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ, ಹೇಳಿಕಳಿಸಿದ ಬೀಗರ ಹಾಗೆ ಬಂದು ಎದೆಯ ಮೇಲೆ ಕೂರುತ್ತಿತ್ತು. ಭಾನುವಾರ ಸ್ವಲ್ಪ ಸಡಿಲ, ಸೋಮವಾರ ಇನ್ನಷ್ಟು ಸಡಿಲ, ಬುಧವಾರದ ಹೊತ್ತಿಗೆ ಇದ್ದೂ ಇಲ್ಲದಂತೆ. ಶುಕ್ರವಾರ ಪೂರ್ತಿ ಆರಾಮ. ಮತ್ತೆ ಶನಿವಾರ ಬಂತೆಂದರೆ ಅದೇ ರಗಳೆ. ಇದನ್ನು ಮೊದಲು ಗಮನಿಸಿದವಳು ಅವನ ಹೆಂಡತಿ ಜೋಹರಾಬಿ. ಅವಳು ಗಮನಿಸಿದ್ದು ಸರಿಯಾಗಿಯೇ ಇತ್ತು. ಅರ್ಥ ಹಚ್ಚುವುದರಲ್ಲಿ ಎಡವಿದಳು. ಅಂಥ ಎಡವಟ್ಟು ತಾಳಿಕೋಟೆಯ ಪಿಂಜಾರ ಓಣಿಯಲ್ಲಿ ಆಗಬೇಕೇ ಹೊರತು ಬೇರೆ ಕಡೆ ಆಗುವಂಥದ್ದಲ್ಲ.

ಹತ್ತಿ ಹಿಂಜಿ ಗಾದಿ ತುಂಬುವುದು ಅವರ ಮನೆತನದ ಕಸುಬು. ಬಜಾರಿನ ಹಿಂದೆ ಒಂದು ಸಣ್ಣ ಕೋಣೆ. ತೊಲೆಗೆ ತೂಗುಹಾಕಿದ ಆಳುದ್ದದ ಬಿಲ್ಲು, ಅದರ ತಂತಿಯನ್ನು ಅರಳೆಯ ರಾಶಿಗೆ ಇಳಿಸಿ ಕಟ್ಟಿಗೆಯ ಗುಂಡಿನಿಂದ ಬಡಿದರೆ ಹತ್ತಿ ಬಿಡಿಸಿಕೊಂಡು ಹಾರುತ್ತಿತ್ತು. ಗಾಳಿ ಒಳಗೆ ಬಂದರೆ ಆ ಹತ್ತಿಯೆಲ್ಲ ಬೀದಿಪಾಲು. ಅದಕ್ಕೆ ಬಾಗಿಲು ಕಿಟಕಿ ಮುಚ್ಚಿಕೊಂಡೇ ಕೆಲಸ. ಸಂಜೆ ಅವನು ಹೊರಬಿದ್ದರೆ ರೆಪ್ಪೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಮೂವತ್ತೆರಡರ ಗಂಡಸು ಎಪ್ಪತ್ತರ ಮುದುಕನಾಗಿ ಮನೆಗೆ ಬಂದು, ಮುಖ ತೊಳೆದು ಮತ್ತೆ ಹರೆಯದವನಾಗುತ್ತಿದ್ದ. ಮಗಳು ಲಾಲಬಿಗೆ ನಾಲ್ಕು ವರ್ಷ. ಅಪ್ಪನ ಹುಬ್ಬಿನ ಹತ್ತಿ ಊದಿ ಹಾರಿಸುವುದು ಅವಳ ದಿನದ ಆಟವಾಗಿತ್ತು.

ಆ ಆಟ ನಿಂತದ್ದು ದೀಪಾವಳಿಯ ಆಚೆಗೆ. ಒಂದು ಶನಿವಾರ ಅವನು ಕೆಮ್ಮುತ್ತ ಗೋಡೆ ಹಿಡಿದು ಕೂತ. ಉಸಿರು ಸಿಳ್ಳೆ ಹಾಕುತ್ತಿತ್ತು. ತವರು ಕನ್ನೊಳ್ಳಿಯಲ್ಲಿ ಜೋಹರಾಬಿಯ ಅಪ್ಪ ಹೀಗೆಯೇ ಕೆಮ್ಮಿ ಕೆಮ್ಮಿ ಸತ್ತಿದ್ದ. ಕ್ಷಯ ಎಂದು ಊರವರು ಹೊಲದಂಚಿನ ಗುಡಿಸಲಲ್ಲಿ ಇಟ್ಟಿದ್ದರು. ಒಂಬತ್ತು ವರ್ಷದ ಹುಡುಗಿ ದಿನಾ ರೊಟ್ಟಿ ಒಯ್ದು ಕಲ್ಲಿನ ಮೇಲಿಟ್ಟು, ದೂರ ಸರಿದು ನಿಂತು, ಅಪ್ಪ ತೆವಳಿ ಬಂದು ಎತ್ತಿಕೊಳ್ಳುವುದನ್ನು ನೋಡಿದ್ದಳು. ಕೊನೆಯ ಒಂದು ವರ್ಷ ಅವನನ್ನು ಮುಟ್ಟಿರಲಿಲ್ಲ. ಮುಟ್ಟಲಿಲ್ಲವಾದ್ದರಿಂದ ತಾನು ಬದುಕಿದೆ ಎಂಬ ನಂಬಿಕೆ ಒಂದು ಕಡೆ, ಮುಟ್ಟಲಿಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ. ಎರಡನ್ನೂ ಹೊತ್ತುಕೊಂಡು ಈ ಮನೆಗೆ ಬಂದವಳು ಅವಳು.

ಮರುದಿನವೇ ಗಂಡನ ಗಂಗಾಳ, ಲೋಟ ಬೇರೆಯಾದವು. ಪಡಸಾಲೆಯ ನಡುವೆ ಸುಣ್ಣದಲ್ಲಿ ಅಡ್ಡ ಗೆರೆ ಎಳೆದಳು. ಆಚೆ ಅವನ ಹಾಸಿಗೆ, ಈಚೆ ಕೂಸಿನದು.

"ಈ ಗೆರಿ ದಾಟಬಾರದು ನೋಡು. ದಾಟಿದ್ರ ಅಪ್ಪನ ಕೆಮ್ಮು ನಿನಗ ಬರ್ತೈತಿ," ಎಂದಳು.

"ಅಪ್ಪ ಈ ಕಡೆ ಬರ್ತಾನೇನು?" ಎಂದಳು ಲಾಲಬಿ.

"ಅವನೂ ಬರಂಗಿಲ್ಲ."

ಮಶಾಕಸಾಬ ಮಾತಿಗಿಂತ ಬಿಲ್ಲಿನ ಸದ್ದು ಹೆಚ್ಚು ಕೇಳಿ ಬೆಳೆದ ಮನುಷ್ಯ. ಹುಬ್ಬಿನ ಹತ್ತಿಯನ್ನು ತಾನೇ ಒರೆಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಇಲ್ಲಿಂದ ಮುಂದೆ ಜೋಹರಾಬಿ ಮೈಯೆಲ್ಲ ಕಣ್ಣಾದಳು. ಶನಿವಾರವೇ ಯಾಕೆ? ಶುಕ್ರವಾರ ಏನಾಗುತ್ತದೆ? ಶುಕ್ರವಾರ ಜುಮ್ಮಾ. ಓಣಿಯ ಬಿಲ್ಲುಗಳೆಲ್ಲ ಸುಮ್ಮನಾಗುತ್ತವೆ. ಗಂಡಸರು ತಲೆಯ ಮೇಲೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು ಮಸೀದಿಗೆ ಹೋಗುತ್ತಾರೆ. ತಲೆಯ ಮೇಲೆ ನೀರು! ಅವಳಿಗೆ ಎಳೆ ಸಿಕ್ಕಿತು. ವಾರಕ್ಕೊಮ್ಮೆ ತಲೆ ನೆನೆಯುತ್ತದೆ, ತಂಡಿ ಎದೆಗಿಳಿಯುತ್ತದೆ, ಮರುದಿನ ಕೆಮ್ಮು ಏಳುತ್ತದೆ. ಲೆಕ್ಕ ಇಷ್ಟು ಸಲೀಸಾಗಿ ಕೂಡಿ ಬಂದಾಗ ಯಾರು ತಾನೇ ಅದನ್ನು ಮತ್ತೆ ತಿರುವಿ ನೋಡುತ್ತಾರೆ?

"ಈ ಶುಕ್ರವಾರ ಜಳಕ ಬ್ಯಾಡ್ರಿ," ಎಂದಳು ಗಂಡನಿಗೆ.

"ಜಳಕಿಲ್ಲದ ಜುಮ್ಮಾಕ್ಕ ಹೆಂಗ ಹೋಗಲಿ?"

"ಹೋಗಬ್ಯಾಡ್ರಿ. ಪಾಪ ಬಂದ್ರ ನನ್ನ ತಲಿ ಮ್ಯಾಲ ಬರಲಿ."

ಓಣಿಯ ಗಂಡಸರೆಲ್ಲ ಮಸೀದಿಗೆ ಹೊರಟಾಗ ಅವನು ಮನೆಯಲ್ಲಿ ಕೂರಲು ನಾಚಿಕೆಯಾಗಿ ಹತ್ತಿ ಹಿಂಜುವ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಆ ಶುಕ್ರವಾರ ಇಡೀ ಓಣಿಯಲ್ಲಿ ಅವನೊಬ್ಬನ ಬಿಲ್ಲು ದುಂಯ್, ದುಂಯ್ ಎಂದಿತು.

ಮರುದಿನ ಕೆಮ್ಮು ಬರಲಿಲ್ಲ. ಹಾಗೆಂದರೆ ಅಷ್ಟಾಗಿ ಬರಲಿಲ್ಲ. ಜೋಹರಾಬಿ ಖುಷಿಯಿಂದ ಅತ್ತಳು. ಮುಂದಿನ ಶುಕ್ರವಾರವೂ ಜಳಕವಿಲ್ಲ, ಮಸೀದಿಯಿಲ್ಲ, ಕೆಲಸ. ಅದರ ಮುಂದಿನದೂ ಹಾಗೆಯೇ. ಎಂಟು ವಾರ ಹೀಗೆ ನಡೆಯಿತು. ಶನಿವಾರದ ಆರ್ಭಟ ಹೋಯಿತು, ನಿಜ. ಆದರೆ ವಾರವಿಡೀ ಒಂದು ಸಣ್ಣ ಏದುಸಿರು ಉಳಿದುಕೊಂಡಿತು. ಬಾವಿಯಿಂದ ಎರಡು ಕೊಡ ಸೇದಿದರೆ ಅವನು ಕಟ್ಟೆಯ ಮೇಲೆ ಕೂರುತ್ತಿದ್ದ. ಕುತ್ತಿಗೆಯ ಎಲುಬು ಕಾಣತೊಡಗಿತು. ಅವಳು ಗೆರೆ ಅಳಿಸಲಿಲ್ಲ. ಸುಣ್ಣ ಮಾಸಿದಾಗಲೆಲ್ಲ ಹೊಸದಾಗಿ ಎಳೆದಳು.

ಮಾಘದ ಹೊತ್ತಿಗೆ ಊರಲ್ಲಿ ಡಂಗುರ ಸಾರಿದರು. ಕ್ಷಯಕ್ಕೆ ಸೂಜಿ ಹಾಕುವ ಸರಕಾರದ ಜೀಪು ಬಂದಿದೆ, ಮಂಗಳವಾರ ಶಾಲೆಯ ಬಯಲಿಗೆ ಬರಬೇಕು, ಮೊದಲು ಪರೀಕ್ಷೆಯ ಸೂಜಿ, ಶುಕ್ರವಾರ ತೋಳು ನೋಡಿ ಮುಂದಿನದು. ಅರ್ಧ ಊರು ಹೆದರಿ ಹೊಲಕ್ಕೆ ಓಡಿತು. ಜೋಹರಾಬಿ ಗಂಡನನ್ನೂ ಮಗಳನ್ನೂ ಕರೆದುಕೊಂಡು ಬೆಳಗ್ಗೆಯೇ ಸಾಲಿನಲ್ಲಿ ನಿಂತಳು, ಅಪ್ಪ ಮಗಳ ನಡುವೆ ತಾನು. ಮೂವರೂ ಮುಂಗೈಗೆ ಸೂಜಿ ಹಾಕಿಸಿಕೊಂಡರು. ಪಕ್ಕದ ಮನೆಯ ಶೆಟ್ಟೆವ್ವ, ಎಪ್ಪತ್ತರ ಮುದುಕಿ, ಮೊಮ್ಮಕ್ಕಳಿಗೆ ಧೈರ್ಯ ತುಂಬಲು ತಾನೂ ಮುಂಗೈ ಚಾಚಿದಳು.

"ಮೂರು ದಿನದಾಗ ಕೆಲವ್ರದು ಉಬ್ಬತೈತಿ, ಕೆಲವ್ರದು ಉಬ್ಬಂಗಿಲ್ಲ," ಎಂದ ಸೂಜಿ ಹಾಕುವವನು. ಉಬ್ಬಿದರೆ ಏನು ಅರ್ಥ ಎಂದು ಅವನು ಹೇಳಲಿಲ್ಲ. ಹಿಂದೆ ಇನ್ನೂರು ಜನ ನಿಂತಿದ್ದರು.

ಬುಧವಾರ ಮಶಾಕಸಾಬನ ಮುಂಗೈ ಕೆಂಪಾಯಿತು. ಗುರುವಾರ ಬೆಳಗ್ಗೆ ಅಲ್ಲಿ ಬೆಳ್ಳಿ ರೂಪಾಯಿಯಗಲ ಗಟ್ಟಿಯಾಗಿ ಉಬ್ಬಿತ್ತು. ಜೋಹರಾಬಿ ತನ್ನ ತೋಳಿನ ಸೆರಗು ಸರಿಸಿದಳು. ಅವಳದೂ ಉಬ್ಬಿತ್ತು. ಓಡಿ ಹೋಗಿ ನಿದ್ದೆಯಲ್ಲಿದ್ದ ಲಾಲಬಿಯ ಕೈ ತಿರುವಿ ನೋಡಿದಳು. ಸೂಜಿ ಚುಚ್ಚಿದ ಗುರುತೂ ಇಲ್ಲ, ಹೊಸ ಬಟ್ಟೆಯಂತೆ ನುಣ್ಣಗೆ.

ಅಪ್ಪನ ಕ್ಷಯ ತನ್ನ ಮೈಯೊಳಗೆ ಇಷ್ಟು ವರ್ಷ ಅಡಗಿ ಕೂತಿತ್ತು, ತಾನೇ ಅದನ್ನು ಗಂಡನಿಗೆ ತಂದುಕೊಟ್ಟೆ ಎಂದು ಜೋಹರಾಬಿಗೆ ಖಾತ್ರಿಯಾಯಿತು. ಶೆಟ್ಟೆವ್ವ ತನ್ನ ಮುಂಗೈ ಹಿಡಿದುಕೊಂಡು ಬಂದು, "ನೋಡ ಜೋಹರಾ, ಓಣ್ಯಾಗ ನಂದ ದೊಡ್ಡದು," ಎಂದು ಬೀಗಿದಳು. ಎಪ್ಪತ್ತು ವರ್ಷ ಗಟ್ಟಿಯಾಗಿ ಬದುಕಿದ ಮುದುಕಿಯ ತೋಳು ಎಲ್ಲರಿಗಿಂತ ಹೆಚ್ಚು ಉಬ್ಬಿದ್ದನ್ನು ನೋಡಿಯಾದರೂ ಜೋಹರಾಬಿಗೆ ಸಂಶಯ ಬರಬೇಕಿತ್ತು. ಹೆದರಿದವರ ಕಣ್ಣಿಗೆ ತಮಗೆ ಬೇಕಾದ್ದಷ್ಟೇ ಕಾಣುತ್ತದೆ.

ಅವಳು ತನ್ನ ಹಾಸಿಗೆ ಎತ್ತಿ ಗೆರೆಯ ಆಚೆ, ಗಂಡನ ಕಡೆಗೆ ಹಾಸಿದಳು. ಈಚೆ ಲಾಲಬಿ ಒಬ್ಬಳೇ ಉಳಿದಳು.

"ಯವ್ವಾ, ನೀ ಯಾಕ ಆ ಕಡೆ ಹೋದಿ?"

"ಅಪ್ಪನ ಕೈ ಉಬ್ಬೇತಿ. ನಂದೂ ಉಬ್ಬೇತಿ. ನಿಂದು ಉಬ್ಬಿಲ್ಲ. ಅದಕ್ಕ ನೀ ನಮ್ಮ ಕಡೆ ಬರಬಾರದು ಕೂಸ. ಅಲ್ಲೇ ಕುಂದ್ರು."

ರೊಟ್ಟಿ, ಬೇಳೆ ಹಾಕಿದ ತಟ್ಟೆಯನ್ನು ಗೆರೆಯ ತನಕ ದೂಡಿ ಹಿಂದೆ ಸರಿದಳು. ಕೂಸು ತೆವಳಿ ಬಂದು ತಟ್ಟೆ ಎಳೆದುಕೊಂಡಿತು. ಹೊಲದಂಚಿನ ಆ ಕಲ್ಲು ಜೋಹರಾಬಿಯ ಕಣ್ಣ ಮುಂದೆ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅತ್ತಳು. ಮಗಳ ಬಟ್ಟೆಗಳನ್ನು ಗಂಟು ಕಟ್ಟಿದಳು. ಇಂಡಿ ಊರಲ್ಲಿ ಅವಳ ಅಕ್ಕನ ಮನೆಯಿತ್ತು. ಶುಕ್ರವಾರ ತೋಳು ತೋರಿಸಿದ ಮೇಲೆ ಮಧ್ಯಾಹ್ನದ ಬಸ್ಸಿಗೆ ಕಳಿಸಿಬಿಡುವುದು ಎಂದು ನಿಶ್ಚಯಿಸಿದಳು. ಮಶಾಕಸಾಬ ಗಂಟನ್ನೇ ನೋಡುತ್ತ ಕೂತಿದ್ದ.

"ಎಷ್ಟ ದಿನಕ್ಕ?" ಎಂದ.

"ನಾವ್ ಇರೂತನಕ," ಎಂದಳು.

ಶುಕ್ರವಾರ ಶಾಲೆಯ ಬಯಲಲ್ಲಿ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದವರು ಧಾರವಾಡದ ಕಡೆಯ ಡಾಕ್ಟರು. ಸಣ್ಣ ಪಟ್ಟಿ ಇಟ್ಟು ಒಬ್ಬೊಬ್ಬರ ಉಬ್ಬನ್ನು ಅಳೆಯುತ್ತಿದ್ದರು. ಜೋಹರಾಬಿ ಕಂಕುಳಲ್ಲಿ ಗಂಟು ಹಿಡಿದೇ ಮುಂದೆ ಬಂದಳು.

"ಸಾಹೇಬ್ರ, ನಮ್ಮಿಬ್ರದೂ ಉಬ್ಬೇತ್ರಿ. ಕೂಸಿಂದು ಇಲ್ರಿ. ಕೂಸಿನ್ನ ಇಂಡಿಗೆ ಕಳಸ್ತೇನ್ರಿ. ನಾವ್ ಇನ್ನ ಎಷ್ಟ ದಿನಾ ಅಂತ ಹೇಳಿಬಿಡ್ರಿ."

ಡಾಕ್ಟರು ಪಟ್ಟಿ ಕೆಳಗಿಟ್ಟು ಅವಳ ಮುಖ ನೋಡಿದರು. "ತಂಗಿ, ಉಬ್ಬಿದ್ರ ಕ್ಷಯ ಅಂತ ನಿನಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ."

"ನಿಮ್ಮ ಓಣಿಗೆ ತಳವಾರ ಅದಾನಲ್ಲ. ಒಮ್ಮೆ ಕಳ್ಳನ್ನ ನೋಡಿದ ಅಂದ್ರ ಅವನ ಮಾರಿ ಮರಿಯಂಗಿಲ್ಲ. ಮುಂದ ಆ ಕಳ್ಳನ ಅಂಗಿ ಕಂಡ್ರೂ ಕೋಲ ತೊಗೊಂಡು ಓಡಿ ಬರ್ತಾನ. ಮೈಯೊಳಗೂ ಅಂಥ ತಳವಾರರು ಅದಾರು. ನಾವು ಚುಚ್ಚಿದ್ದು ಬರೀ ಅಂಗಿ. ನಿಮ್ಮಿಬ್ರ ತಳವಾರರು ಯಾವಾಗೋ ಆ ಕಳ್ಳನ್ನ ನೋಡ್ಯಾರ, ಓಡಿ ಬಂದಾರ, ಅದಕ್ಕ ಉಬ್ಬೇತಿ. ಅಷ್ಟರ ಮ್ಯಾಲ ಕಳ್ಳ ಮನ್ಯಾಗ ಅದಾನ ಅನ್ನಾಕ ಬರಂಗಿಲ್ಲ. ಕೂಸಿನ ತಳವಾರರು ಇನ್ನೂ ನೋಡಿಲ್ಲ. ಅದಕ್ಕ ಇವತ್ತ ಬಿ.ಸಿ.ಜಿ. ಸೂಜಿ ಹಾಕಿ ಕಳ್ಳನ ಮಾರಿ ತೋರಿಸಿ ಇಡೋಣು."

"ಹಂಗಾದ್ರ ಇವರ ಕೆಮ್ಮು?"

ಡಾಕ್ಟರು ಮಶಾಕಸಾಬನ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಸಂಜೆ ಜ್ವರ ಬರುತ್ತದೆಯೇ, ಕಫದಲ್ಲಿ ರಕ್ತ ಬಿದ್ದಿದೆಯೇ ಎಂದು ಕೇಳಿದರು. ಇಲ್ಲ. ಕಸುಬು ಏನು? ಹತ್ತಿ ಹಿಂಜುವುದು. ಕೆಮ್ಮು ಯಾವಾಗ ಹೆಚ್ಚು?

"ಶನಿವಾರ ಇತ್ರಿ," ಎಂದಳು ಜೋಹರಾಬಿ. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಬಂತು. "ಈಗ ಇಲ್ರಿ. ನಾನ ಬಿಡಿಸೀನ್ರಿ. ಶುಕ್ರವಾರದ ಜಳಕ ಬಿಡಿಸಿದೆ, ಕೆಮ್ಮು ಹೋತು."

"ಶುಕ್ರವಾರ ಮೊದಲ ಕೆಲಸ ಇರ್ತಿತ್ತೇನು?"

"ಇಲ್ರಿ, ಜುಮ್ಮಾ ಅಲ್ಲೇನ್ರಿ."

"ಈಗ?"

"ಈಗ ಎಂಟು ವಾರದಿಂದ ಕೆಲಸಕ್ಕ ಹೋಗ್ತಾರ್ರಿ."

ಡಾಕ್ಟರು ನಳಿಗೆಯನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟರು. ಅವರು ಬೈದಿದ್ದರೆ ಜೋಹರಾಬಿ ತಡೆದುಕೊಳ್ಳುತ್ತಿದ್ದಳು. ಅವರು ಮೆಲ್ಲಗೆ ಹೇಳಿದರು.

"ಇದು ಹತ್ತಿ ಧೂಳಿನ ಕೆಮ್ಮು ತಂಗಿ. ಧೂಳಿ ಕಳ್ಳ ಅಲ್ಲ, ಆದರ ಎದಿಯೊಳಗಿನ ತಳವಾರ ಅದನ್ನೂ ಕಳ್ಳ ಅಂತ ತಿಳಕೊಂಡು ಬಾಗಿಲಾ ಹಾಕ್ತಾನ. ಉಸಿರು ಬಿಗೀತೈತಿ. ದಿನಾ ಧೂಳಿ ಕುಡದ್ರ ಅವ ಕೂಗಿ ಕೂಗಿ ದಣೀತಾನ. ಶುಕ್ರವಾರ ಒಂದಿನ ಧೂಳಿ ಇಲ್ಲಂದ್ರ ಸುಧಾರಿಸಿಕೊಂಡು, ಶನಿವಾರ ಮತ್ತ ದನಿ ತಗೀತಾನ. ಜಳಕಕ್ಕ ಇದಕ್ಕ ಸಂಬಂಧ ಇಲ್ಲ. ವಾರಕ್ಕ ಒಂದ ದಿನ ಆ ಎದಿಗೆ ಒಳ್ಳೇ ಗಾಳಿ ಸಿಗ್ತಿತ್ತು. ಅದನ್ನೂ ನೀ ಬಂದ್ ಮಾಡಿದಿ."

ಜೋಹರಾಬಿಯ ಕಂಕುಳಿನ ಗಂಟು ಕೆಳಗೆ ಬಿತ್ತು. ಎಂಟು ಶುಕ್ರವಾರ. ಮಸೀದಿಯನ್ನೂ ಬಿಡಿಸಿ, ಮುಚ್ಚಿದ ಕೋಣೆಗೆ ತಾನೇ ಅಟ್ಟಿದ್ದಳು. ಗಂಡನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಅವನೇ ಬಗ್ಗಿ ಗಂಟು ಎತ್ತಿಕೊಂಡ.

ಲಾಲಬಿಯ ಎಡ ರಟ್ಟೆಗೆ ಬಿ.ಸಿ.ಜಿ. ಹಾಕಿ, ಕೆಲವು ವಾರಕ್ಕೆ ಅಲ್ಲೊಂದು ಗುಳ್ಳೆ ಏಳುತ್ತದೆ, ಅದಕ್ಕೆ ಹೆದರಬೇಡಿ ಎಂದರು. ಯಾವುದಕ್ಕೂ ನೋಡಿಬಿಡೋಣ ಎಂದು ಡಾಕ್ಟರು ಮಶಾಕಸಾಬನ ಕಫವನ್ನು ಬಿಜಾಪುರಕ್ಕೆ ಕಳಿಸಿದರು. ಉತ್ತರ ಬರುವ ತನಕ ಬಿಲ್ಲು ಮುಟ್ಟಬಾರದು, ಆಮೇಲೆ ಮುಟ್ಟಿದರೂ ಬಾಗಿಲು ತೆರೆದು, ಮೂಗಿಗೆ ಹಸಿ ಬಟ್ಟೆ ಕಟ್ಟಿಕೊಂಡು, ಜುಮ್ಮಾದ ರಜೆ ತಪ್ಪಿಸದೆ; ಆಗದಿದ್ದರೆ ಹಿಂಜುವುದನ್ನೇ ಬಿಟ್ಟು ಗಾದಿ ಹೊಲಿಯುವುದು. ಇಷ್ಟು ಹೇಳಿ ಮುಂದಿನವರ ತೋಳು ಹಿಡಿದರು.

ಇಂಡಿಯ ಬಸ್ಸು ಲಾಲಬಿಯಿಲ್ಲದೆ ಹೋಯಿತು. ಆದರೆ ಗೆರೆ ಉಳಿಯಿತು. ಉತ್ತರ ಬರಬೇಕಲ್ಲ. ಜೋಹರಾಬಿ ತಾನು ಈಚೆ ಬಂದಳು, ಗಂಡನನ್ನು ಆಚೆಯೇ ಇಟ್ಟಳು. ಟಪಾಲಿನವನು ಓಣಿಗೆ ಬಂದಾಗಲೆಲ್ಲ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಹದಿನಾರನೆಯ ದಿನ ಕಾರ್ಡು ಬಂತು. ಶೆಟ್ಟೆವ್ವನ ಮೊಮ್ಮಗಳು ಓದಿದಳು: ಕಫದಲ್ಲಿ ಕ್ಷಯದ ರೋಗಾಣು ಕಂಡುಬಂದಿಲ್ಲ.

ಜೋಹರಾಬಿ ಅಲ್ಲಿಂದೆದ್ದವಳೇ ಒಂದು ಕೊಡ ನೀರು ಸುರಿದು ಪಡಸಾಲೆ ತಿಕ್ಕಿದಳು. ಮೂರು ತಿಂಗಳು ಮತ್ತೆ ಮತ್ತೆ ಎಳೆದ ಸುಣ್ಣ, ಸುಲಭಕ್ಕೆ ಹೋಗಲಿಲ್ಲ. ಉಗುರಿನಿಂದ ಕೆರೆದಳು. ಆಮೇಲೆ ಮಗಳನ್ನು ಕರೆದು, "ಹೋಗು, ಅಪ್ಪನ ಹಂತ್ಯಾಕ ಹೋಗು," ಎಂದಳು.

ಮಶಾಕಸಾಬ ಕೈ ಚಾಚಿ ಕೂತಿದ್ದ. ಲಾಲಬಿ ನಾಲ್ಕು ಹೆಜ್ಜೆ ನಡೆದು, ಗೆರೆಯಿದ್ದ ಜಾಗಕ್ಕೆ ಬಂದು ನಿಂತಳು. ಅಲ್ಲಿ ಈಗ ಒದ್ದೆ ನೆಲವಷ್ಟೇ ಇತ್ತು. ಅವಳು ದಾಟಲಿಲ್ಲ. ಬೆಲ್ಲ ತೋರಿಸಿದರು, ರಮಿಸಿದರು. ತಾಯಿ ಎತ್ತಿಕೊಂಡು ದಾಟಿಸಲು ಹೋದರೆ ಚೀರಿ, ಕೊಸರಿಕೊಂಡು ಈಚೆ ಓಡಿ ಬಂದಳು. "ಬ್ಯಾಡ ಬಿಡು. ಹೆದರತೈತಿ," ಎಂದು ಮಶಾಕಸಾಬ ಕೈ ಕೆಳಗಿಳಿಸಿದ.

ಅವನು ಗಾದಿ ಹೊಲಿಯಲು ಕೂತ. ಹಿಂಜುವ ದಿನ ಬಾಗಿಲು ತೆರೆದಿಡುತ್ತಿದ್ದ, ಹತ್ತಿ ಹಾರಿ ಎದುರು ಮನೆಯವರ ಮಜ್ಜಿಗೆಯಲ್ಲಿ ಬಿದ್ದು ಜಗಳವಾಗುತ್ತಿತ್ತು. ಶುಕ್ರವಾರ ತಲೆಯ ಮೇಲೆ ನೀರು ಹಾಕಿಕೊಂಡು ಜುಮ್ಮಾಕ್ಕೆ ಹೋದ. ಉಸಿರು ಸ್ವಲ್ಪ ಸಲೀಸಾಯಿತು. ಮಗಳು ಮಾತ್ರ ಅದೇ ಜಾಗಕ್ಕೆ ಬಂದು ನಿಂತು, ಅಪ್ಪನನ್ನು ನೋಡಿ, ಹಿಂದಿರುಗುತ್ತಿದ್ದಳು.

ಹತ್ತು ದಿನ ಕಳೆದಿರಬೇಕು. ಒಂದು ಸಂಜೆ ಜೋಹರಾಬಿ ರೊಟ್ಟಿ ಬಡಿಯುತ್ತಿದ್ದಳು. ಮಶಾಕಸಾಬ ಆಗತಾನೇ ಕೋಣೆಯಿಂದ ಬಂದು ಪಡಸಾಲೆಯ ಆ ತುದಿಯಲ್ಲಿ ಕೂತಿದ್ದ, ಹುಬ್ಬಿನ ಮೇಲೆ ಹತ್ತಿ ಹಾಗೆಯೇ ಇತ್ತು. ಲಾಲಬಿ ಒಲೆಯ ಹತ್ತಿರ ಬಂದು ಅಂಗಿಯ ತೋಳು ಮೇಲೆತ್ತಿದಳು. ಸೂಜಿ ಹಾಕಿದ ರಟ್ಟೆಯ ಮೇಲೆ ಕಡಲೆಕಾಳಿನಷ್ಟು ಕೆಂಪು ಗುಳ್ಳೆ ಎದ್ದಿತ್ತು. ಅವಳ ಮುಖ ಅರಳಿತ್ತು.

"ಯವ್ವಾ, ನಂದೂ ಉಬ್ಬೇತಿ ನೋಡು," ಎಂದಳು. "ಈಗ ಅಪ್ಪನ ಕಡೆ ಹೋಗಲಿ?"

ಜೋಹರಾಬಿಯ ಕೈಯಲ್ಲಿನ ಹಿಟ್ಟು ಹಾಗೇ ಉಳಿಯಿತು. ಹೂಂ ಎಂದು ತಲೆಯಾಡಿಸಿದಳು. ಲಾಲಬಿ ಓಡಿದಳು, ಗೆರೆಯಿದ್ದ ಜಾಗದಲ್ಲಿ ಒಮ್ಮೆ ನಿಂತು ತನ್ನ ತೋಳನ್ನು ಇನ್ನೊಮ್ಮೆ ನೋಡಿಕೊಂಡು ದಾಟಿದಳು, ಅಪ್ಪನ ತೊಡೆಯೇರಿ ಅವನ ಹುಬ್ಬನ್ನು ಊದತೊಡಗಿದಳು.