ಕೊನೆಯ ಅಂಕಿ

"ಕದಿಯೋಕೆ ನಮ್ಮ ಲ್ಯಾಬಲ್ಲಿ ಏನಿದೆ ಕಣೆ? ರಕ್ತದ ಶೀಶೆನಾ?" ಎಂದು ರಕ್ತಪರೀಕ್ಷೆ ಲ್ಯಾಬಿನ ಯಜಮಾನರು ತಂಗಿಯ ಮೇಲೆ ರೇಗಿದರು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂಗಿಯದು ಒಂದೇ ಪಟ್ಟು: ಗಿರಾಕಿಗಳ ಮಾಹಿತಿಗೆ ಭದ್ರತೆ ಬೇಕು, ಕಾನೂನೂ ಅದನ್ನೇ ಹೇಳುತ್ತದೆ, ಹಣ ಬಿಚ್ಚು. ಹೊಸ ಯಂತ್ರ ತಂದರೆ ನಾಲ್ಕು ಜನ ನೋಡಿ ಹೊಗಳುತ್ತಾರೆ. ಕಣ್ಣಿಗೆ ಕಾಣದ ಬೀಗಕ್ಕೆ ಖರ್ಚೆಂದರೆ ಈ ಮಹಾಶಯರಿಗೆ ಹೊಟ್ಟೆಯುರಿ. ಫೋನಿಗೆ ಕಳಿಸುವ ರಿಪೋರ್ಟಿನ ಲಿಂಕಿಗೂ "ಪಾಸ್‌ವರ್ಡು ಗೀಸ್‌ವರ್ಡು ಅಂತ ಜನಕ್ಕೆ ಯಾಕೆ ತಲೆನೋವು?" ಎಂದು ಬರೀ ಸರದಿ ಸಂಖ್ಯೆ ಹಾಕಿಸಿದವರು ಅವರೇ.

ತಂಗಿ ವಾದಕ್ಕೆ ಇಳಿಯಲಿಲ್ಲ. "ಅಣ್ಣ, ನಿನ್ನ ಸಕ್ಕರೆ ರಿಪೋರ್ಟ್ ಬಂದಿದೆಯಲ್ಲ, ಆ ಲಿಂಕಿನ ಕೊನೇ ಅಂಕಿ ಒಂದು ಕಮ್ಮಿ ಮಾಡಿ ನೋಡು," ಎಂದಳು.

ಮಾಡಿದರು. ಬೆಳಿಗ್ಗೆ ಅವರಿಗಿಂತ ಮುಂಚೆ ರಕ್ತ ಕೊಟ್ಟವನ ರಿಪೋರ್ಟು ತಟ್ಟನೆ ತೆರೆಯಿತು. ಎದುರಿನ ಕಟಿಂಗ್ ಶಾಪಿನವನು! ಕತ್ತರಿ ಆಡಿಸುತ್ತ ಓಣಿಯ ಸುದ್ದಿಯನ್ನೆಲ್ಲ ಬಿಡಿಸಿ ಹೇಳುವ ಆಸಾಮಿ, ತನ್ನ ಮೈಯೊಳಗಿನ ಈ ಸುದ್ದಿಯ ಬಗ್ಗೆ ಮಾತ್ರ ತುಟಿ ಬಿಚ್ಚಿರಲಿಲ್ಲ. ರಕ್ತದಿಂದ ಹರಡುವ ಈ ಕಾಯಿಲೆಯ ಹೆಸರು ಹೊರಬಿದ್ದರೆ ಅವನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ.

ಯಜಮಾನರು ತಲೆಯೆತ್ತಿ ನೋಡಿದರು. ಗಾಜಿನಾಚೆ ಜನ ರಕ್ತ ಕೊಡಲು ಅಂಗಿಯ ತೋಳು ಮೇಲೇರಿಸಿಕೊಂಡು ಕೂತಿದ್ದರು. ನನ್ನ ಗುಟ್ಟನ್ನು ಎಲ್ಲಿಡ್ತೀರಿ ಎಂದು ಇದುವರೆಗೆ ಒಬ್ಬರೂ ಕೇಳಿರಲಿಲ್ಲ. ಇಷ್ಟು ಜನ ಇಷ್ಟು ಸಲೀಸಾಗಿ ತಮ್ಮನ್ನು ನಂಬಿದ್ದಾರೆ ಎಂಬುದು ಆಗಷ್ಟೇ ಹೊಳೆದು ಅವರಿಗೆ ಮೈ ಜುಮ್ಮೆಂದಿತು.

"ಲಿಂಕ್ ಈಗಲೇ ಬಂದ್ ಮಾಡು. ನೀನು ಕೇಳಿದ್ದೆಲ್ಲ ಹಾಕಿಸು."

"ಅವನಿಗೂ ಹೇಳಬೇಕು ಅಣ್ಣ. ಯಾರ ಗುಟ್ಟು ಹೊರಗೆ ಬಿತ್ತೋ ಅವರಿಗೆ ತಿಳಿಸಲೇಬೇಕು. ಅದೂ ಕಾನೂನೇ."

ಸಂಜೆ ಅಂಗಡಿ ಖಾಲಿಯಾಗುವುದನ್ನೇ ಕಾದು ಯಜಮಾನರು ಹೋಗಿ ಕುರ್ಚಿಯಲ್ಲಿ ಕೂತರು. ಗಡ್ಡಕ್ಕೆ ನೊರೆ ಹಚ್ಚಿ ಮುಗಿದ ಮೇಲೆ ಬಾಯಿ ತೆರೆದರು.

"ನಿನ್ನ ರಿಪೋರ್ಟ್ ನೋಡಿಬಿಟ್ಟೆ. ಯಾರು ಬೇಕಾದ್ರೂ ನೋಡೋ ಹಾಗಿತ್ತು. ತಪ್ಪು ನಂದೇ. ಈಗ ಮುಚ್ಚಿಸಿದೀನಿ."

ಅವನ ಕೈ ಹಾಗೇ ನಿಂತಿತು. ಕನ್ನಡಿಯಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು. ಮೆಲ್ಲಗೆ ಕೇಳಿದ, "ಗೊತ್ತಿದ್ದೂ ನನ್ನ ಹತ್ರ ಗಡ್ಡ ಮಾಡಿಸ್ಕೊಳ್ಳೋಕೆ ಬಂದ್ರಾ ಸಾರ್?"

ಯಜಮಾನರು ತಲೆ ಹಿಂದಕ್ಕೆ ಚಾಚಿ ಕೊರಳೊಡ್ಡಿದರು. ಅವನು ಅವರ ಕಣ್ಣೆದುರೇ ಹೊಸ ಬ್ಲೇಡು ಬಿಚ್ಚಿ ಹಾಕಿದ.

"ಅಲ್ಲಾಡಬೇಡಿ," ಎಂದ. ಇಷ್ಟಾದ ಮೇಲೂ ಆ ಕೈ ಎಷ್ಟು ಹಗುರವಾಗಿತ್ತೆಂದರೆ, ಯಜಮಾನರ ಕಣ್ಣು ತುಂಬಿ ಬಂತು.