ಮಾವನ ಗಡ್ಡ

"ತಪ್ಪಾಯ್ತು ಅಂತ ಒಪ್ಕೋತೀರಾ?" ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡುತ್ತ ಕೇಳಿದರು.

"ಒಪ್ಕೋತೀನಿ ಮೇಡಂ."

"ಇನ್ಮೇಲೆ ಆ ಮನೆ ಗೇಟು ದಾಟಿ ಒಳಗೆ ಹೋಗಲ್ಲ ಅಂತ ಮುಚ್ಚಳಿಕೆ ಬರ್ಕೊಡ್ತೀರಾ?"

ಕಟಕಟೆಯಲ್ಲಿ ನಿಂತವನು ತಲೆ ತಗ್ಗಿಸಿದ. ಹೂಂ ಅನ್ನಪ್ಪ ಎಂದು ಅವನ ವಕೀಲರು ಪಕ್ಕದಿಂದ ಸನ್ನೆ ಮಾಡಿದರು. ಹೂಂ ಅಂದುಬಿಟ್ಟರೆ ಮುಗಿಯಿತು. ಕೌಟುಂಬಿಕ ನ್ಯಾಯಾಲಯದ ಆ ಕೋಣೆಯಲ್ಲಿ ದಿನವೂ ಎಷ್ಟೋ ಗಂಡಂದಿರು ಹೂಂ ಅಂದು ಮನೆಗೆ ಹೋಗುತ್ತಾರೆ. ಹೋದಮೇಲೆ ಏನು ಮಾಡುತ್ತಾರೆ ಎನ್ನುವುದು ಬೇರೆ ಮಾತು. ಇವನು ಮಾತ್ರ ಕಟಕಟೆಯ ಮರದ ಮೇಲೆ ಹೆಬ್ಬೆರಳು ಆಡಿಸುತ್ತ, ಬಣ್ಣ ಎದ್ದುಹೋದ ಜಾಗವನ್ನೇ ನೋಡುತ್ತಿದ್ದ.

"ಬರ್ಕೊಟ್ಟು ಆಮೇಲೆ ಹೋದ್ರೆ ಸುಳ್ಳಾಗುತ್ತೆ ಮೇಡಂ," ಎಂದ ಕೊನೆಗೆ. "ಮಾವನ ಗಡ್ಡ ಬೆಳೀತಾನೇ ಇರುತ್ತಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎದುರು ಕುರ್ಚಿಯಲ್ಲಿ ಕುಳಿತಿದ್ದ ಅವನ ಹೆಂಡತಿಗೆ ನಗು ಬರಲಿಲ್ಲ. ಈ ಮನುಷ್ಯ ಜೈಲಿಗೆ ಹೋಗಲು ತಯಾರಾಗಿಯೇ ಬಂದಿದ್ದಾನೆ ಎಂದು ಅವಳಿಗೆ ಗೊತ್ತಾಯಿತು, ಗೊತ್ತಾಗಿ ಮೈಯೆಲ್ಲ ಉರಿಯಿತು.

ಅವನು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಮದುವೆಯಾದ ಮೇಲೆ ಮಾವನ ಮನೆಗೇ ಬಂದು ನೆಲೆಸಿದ್ದ. ಮನೆಅಳಿಯ ಎಂದು ಗ್ಯಾರೇಜಿನವರು ಕಿಚಾಯಿಸಿದರೆ, ನಿಮ್ಮನ್ನ ಯಾವ ಮಾವನೂ ಕರೀಲಿಲ್ಲ, ಅದಕ್ಕೇ ಹೊಟ್ಟೆಕಿಚ್ಚು ಎಂದು ಬಾಯಿ ಮುಚ್ಚಿಸುತ್ತಿದ್ದ. ಮಾವ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೂ ಬೆಳಗ್ಗೆ ತಮ್ಮ ಮಡಚುವ ಕತ್ತಿಯಲ್ಲಿ ನುಣ್ಣಗೆ ಕ್ಷೌರ ಮಾಡಿಕೊಳ್ಳದೆ ಕಾಫಿ ಮುಟ್ಟುತ್ತಿರಲಿಲ್ಲ. ಲಕ್ವಾ ಹೊಡೆದು ಬಲಗೈಯೂ ಕಾಲೂ ಮಾತೂ ಹೋದಾಗ ಆ ಕತ್ತಿಯನ್ನು ಎತ್ತಿಕೊಂಡವನು ಅಳಿಯ. ಬಣ್ಣಕ್ಕೆ ಮುಂಚೆ ಕಾರಿನ ಬಾಗಿಲನ್ನು ಸವರಿ ನೋಡುವಂತೆ ಬೆರಳ ಹಿಂಬದಿಯಿಂದ ಮಾವನ ಕೆನ್ನೆ ಸವರುವನು. ಎಲ್ಲಾದರೂ ಒಂದು ಕೂದಲು ತಡೆದರೆ ಮತ್ತೆ ನೊರೆ ಹಚ್ಚುವನು. ಇದು ವರ್ಷಗಟ್ಟಲೆ ನಡೆಯಿತು.

ಸಿಟ್ಟು ಬಂದರೆ ಅದೇ ಕೈ ಬೇರೆಯಾಗುತ್ತಿತ್ತು. ತಟ್ಟೆ, ಕುರ್ಚಿ, ರೇಡಿಯೋ, ಸಿಕ್ಕಿದ್ದೆಲ್ಲ ಗೋಡೆಗೆ ಹೋಗುತ್ತಿತ್ತು. ಸಹಿಸಿ ಸಹಿಸಿ ಸಾಕಾಗಿ ಅವಳು ಅವನನ್ನು ಹೊರಗೆ ಕಳಿಸಿದಳು. ಒಂದು ಸಂಜೆ ಅವನು ಬೀದಿಯಲ್ಲಿ ನಿಂತು ಇಟ್ಟಿಗೆ ಎಸೆದ. ಕಿಟಕಿಯ ಗಾಜು ಒಡೆದು, ಅವಳು ಆಗಷ್ಟೇ ಎದ್ದುಹೋಗಿದ್ದ ಮಂಚದ ತುಂಬ ಚೂರು ಬಿತ್ತು. ದಿಂಬಿನಿಂದ ಚೂರು ಆರಿಸುವಾಗ ಶುರುವಾದ ನಡುಕ ಈಗಲೂ ಬೀದಿಯಲ್ಲಿ ಬೈಕು ನಿಂತ ಸದ್ದಾದರೆ ಬರುತ್ತದೆ. ಅವಳು ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಮೊಕದ್ದಮೆ ಮುಗಿಯುವ ತನಕ ಅವನು ಮನೆಯ ಗೇಟು ದಾಟಕೂಡದು ಎಂದು ಆದೇಶವನ್ನೂ ತಂದಳು.

ಹಗಲು ಅವಳು ಔಷಧದ ಅಂಗಡಿಯಲ್ಲಿರುತ್ತಾಳೆ. ಅಪ್ಪನನ್ನು ಚಿಕ್ಕಮ್ಮ ನೋಡಿಕೊಳ್ಳುತ್ತಾರೆ. ಅಪ್ಪನ ಮುಖ ಮೊದಲಿನಷ್ಟೇ ನುಣ್ಣಗಿದ್ದುದನ್ನು ಅವಳು ಗಮನಿಸಿದ್ದಳು. ಸಲೂನಿನವನು ಬಂದು ಹೋಗುತ್ತಾನೆ ಎಂದಿದ್ದರು ಚಿಕ್ಕಮ್ಮ. ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದ ದಿನ ಸಲೂನಿನವನು ಯಾರೆಂದು ತಿಳಿಯಿತು. ಕೂಗಬೇಕೆಂದು ಬಾಯಿ ತೆರೆದಳು, ಕೂಗುವಂತಿರಲಿಲ್ಲ. ಕತ್ತಿ ಅಪ್ಪನ ಗಂಟಲ ಮೇಲಿತ್ತು. ಅವನು ಅವಳನ್ನು ನೋಡಿದ, ಆದರೆ ಕೈ ಅಲುಗಲಿಲ್ಲ. ಉಳಿದ ಅರ್ಧ ಗದ್ದ ಮುಗಿಸಿ, ಮುಖ ಒರೆಸಿ, ಕತ್ತಿ ತೊಳೆದಿಟ್ಟು, ಅವಳ ಪಕ್ಕದಿಂದಲೇ ಹೊರಟುಹೋದ. ಅಷ್ಟೂ ಹೊತ್ತು ತನ್ನ ಮನೆಯಲ್ಲಿ ತಾನೇ ಉಸಿರು ಬಿಗಿಹಿಡಿದು ನಿಂತದ್ದನ್ನು ಅವಳು ಕ್ಷಮಿಸಲಾರದೆ ಹೋದಳು. ಮಾರನೆಯ ದಿನ ವಕೀಲರ ಬಳಿ ಹೋದಳು.

ಇದು ನ್ಯಾಯಾಂಗ ನಿಂದನೆ, ಬಿಡುವ ಮಾತೇ ಇಲ್ಲ ಎಂದು ವಕೀಲರು ಕೈ ಉಜ್ಜಿಕೊಂಡರು. ಕೋರ್ಟನ್ನ ಅವನು ಯಾವಾಗ ಬೈದ, ಬಂದು ಗಡ್ಡ ಕೆರೆದು ಹೋದ ಅಷ್ಟೇ ಎಂದು ಚಿಕ್ಕಮ್ಮ ಗೊಣಗಿಕೊಂಡರು. ಅವರೊಂದಿಗೆ ಅವಳು ಮಾತು ಬಿಟ್ಟಳು.

ಈಗ ನ್ಯಾಯಾಧೀಶರು ಅವಳ ಕಡೆ ತಿರುಗಿ, ಬೇರೆ ಯಾರಿಂದಲಾದರೂ ಕ್ಷೌರ ಮಾಡಿಸಬಹುದಲ್ಲ ಎಂದು ಕೇಳಿದರು. ಮಾಡಿಸಿ ನೋಡಿದ್ದೇನೆ ಎಂದಳು. ಸಲೂನಿನವನು ನಿಜವಾಗಿಯೂ ಬಂದಿದ್ದ. ಅಪ್ಪ ಹಲ್ಲು ಕಚ್ಚಿ ಮುಖ ಗೋಡೆಗೆ ತಿರುಗಿಸಿಕೊಂಡಿದ್ದರು. ಹಾಗಿದ್ದರೆ ಆದೇಶ ಸ್ವಲ್ಪ ಸಡಿಲಿಸಿ, ವಾರಕ್ಕೊಮ್ಮೆ ಬಂದು ಹೋಗಲು ಬಿಡಬಹುದೇ ಎಂದರು ನ್ಯಾಯಾಧೀಶರು.

"ಬೇಡ," ಎಂದಳು ಅವಳು. "ಬೇಕಾದ್ರೆ ಅಪ್ಪ ಗಡ್ಡ ಬಿಟ್ಕೊಂಡೇ ಇರ್ಲಿ. ನಂಗೆ ಭಯ ಆಗುತ್ತೆ ಮೇಡಂ. ಅವರು ಒಳಗೆ ಬರೋದು ಬೇಡ."

ಕಟಕಟೆಯಲ್ಲಿ ಅವನ ಹೆಬ್ಬೆರಳು ನಿಂತಿತು. ಭಯ ಎಂಬ ಮಾತನ್ನು ಅವಳು ಅವನ ಎದುರಿಗೆ ಆಡಿದ್ದು ಅದೇ ಮೊದಲು. ನ್ಯಾಯಾಧೀಶರು ಬರೆಸಿದರು: ಸೋಮವಾರದ ತನಕ ಗಡುವು. ಅಷ್ಟರೊಳಗೆ ಮುಚ್ಚಳಿಕೆ ಕೊಡದಿದ್ದರೆ ಜೈಲು. ವರಾಂಡದಲ್ಲಿ ಅವಳ ವಕೀಲರು, ಅವನು ಒಳಗೆ ಹೋದರೆ ಕೇಸು ಅರ್ಧ ಗೆದ್ದಂತೆ ಎಂದು ನಕ್ಕರು. ಅವಳೂ ನಗಬೇಕಾಗಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಳು.

ಮನೆಯಲ್ಲಿ ಅಪ್ಪನ ಗಡ್ಡ ಬೆಳೆಯಿತು. ಗಂಜಿ ಅದರಲ್ಲಿ ಅಂಟಿ ಒಣಗಿತು, ಕೆನ್ನೆ ಕೆಂಪಾಗಿ ಗುಳ್ಳೆ ಎದ್ದಿತು. ಅಂಗಡಿಯಿಂದ ಮುಲಾಮು ತಂದು ಹಚ್ಚಿದಳು. ಜೀವನವೆಲ್ಲ ಮಕ್ಕಳನ್ನು ಬೆನ್ನು ನೆಟ್ಟಗೆ ನಿಲ್ಲಿಸಿದ ಮೇಷ್ಟ್ರು ಕನ್ನಡಿಯ ಕಡೆ ನೋಡುವುದನ್ನೇ ಬಿಟ್ಟರು.

ಭಾನುವಾರ ಬೆಳಗ್ಗೆ ಅವಳು ಗಟ್ಟಿ ಮನಸ್ಸು ಮಾಡಿ ಬಿಸಿನೀರು, ಹೊಸ ಪ್ಲಾಸ್ಟಿಕ್ ರೇಜರು ಹಿಡಿದು ಕುಳಿತಳು. ಮೊದಲ ಎಳೆತಕ್ಕೇ ಗುಳ್ಳೆ ಒಡೆದು ರಕ್ತ ಬಂತು. ಅಪ್ಪ ನೋವೆಂದು ನರಳಲಿಲ್ಲ, ಮುಖ ಪಕ್ಕಕ್ಕೆ ಸರಿಸಿದರು ಅಷ್ಟೇ. ಸರಿಯಾಗಿದ್ದ ಎಡಗೈಯನ್ನು ದಿಂಬಿನಡಿಗೆ ಹಾಕಿ ಮಡಚಿದ ಕತ್ತಿಯನ್ನು ಹೊರತೆಗೆದರು. ಕೊಡಿ ಅಪ್ಪ ಎಂದು ಅವಳು ಕೈ ಚಾಚಿದಳು. ಅವರು ಕೊಡಲಿಲ್ಲ. ಎದೆಗೆ ಒತ್ತಿ ಹಿಡಿದು, ಕಿಟಕಿಯಾಚೆ ಗೇಟಿನ ಕಡೆ ನೋಡುತ್ತ ಕುಳಿತರು. ಅವಳಿಗೆ ಅಳು ಬಂತು. ಅಪ್ಪನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಅಪ್ಪ ಆ ಕತ್ತಿಯನ್ನು ಜೋಪಾನ ಮಾಡಿದಷ್ಟು ತನ್ನ ಭಯವನ್ನು ಈ ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅವಳೂ ಗೇಟಿನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಚಿಕ್ಕಮ್ಮ," ಎಂದಳು. ಎಷ್ಟೋ ದಿನಗಳ ಮೇಲೆ ಆಡಿದ ಮಾತಾದ್ದರಿಂದ ಚಿಕ್ಕಮ್ಮ ಅಡುಗೆಮನೆಯಿಂದ ಸೌಟು ಸಮೇತ ಓಡಿಬಂದರು. "ಅವರಿಗೆ ಫೋನ್ ಮಾಡಿ. ಬರೋಕೆ ಹೇಳಿ."

ಅವಳು ಅಪ್ಪನನ್ನು ಗಾಲಿಕುರ್ಚಿಗೆ ಇಳಿಸಿ ಅಂಗಳ ದಾಟಿಸಿದಳು. ಗೇಟಿನಡಿಯ ಕಬ್ಬಿಣದ ಪಟ್ಟಿಯ ಮೇಲೆ ಚಕ್ರ ಎತ್ತಿ ಇಳಿಸಿ, ಬೀದಿಗೆ ತಂದು, ಗೇಟಿನ ಮುಂದೆಯೇ ಅದಕ್ಕೆ ಬೆನ್ನಾಗಿಸಿ, ಗೋಡೆಯ ನೆರಳಿನಲ್ಲಿ ನಿಲ್ಲಿಸಿದಳು. ಚಿಕ್ಕಮ್ಮ ಬಿಸಿನೀರು, ಸೋಪು, ಟವೆಲು ತಂದಿಟ್ಟರು. ಆಮೇಲೆ ಅವಳು ಒಳಗೆ ಬಂದು ಗೇಟು ಹಾಕಿ ಚಿಲಕ ಜಡಿದಳು. ಎದುರು ಮನೆಯವರು ಬಟ್ಟೆ ಒಣಹಾಕುವ ನೆಪದಲ್ಲಿ ಒಂದೇ ಬಟ್ಟೆಯನ್ನು ಮತ್ತೆ ಮತ್ತೆ ಕೊಡವುತ್ತಿದ್ದರು.

ಬೈಕಿನ ಸದ್ದಾಯಿತು. ಅವಳು ಗೇಟಿನ ಸರಳು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ದೂರದಲ್ಲೇ ಬೈಕು ನಿಲ್ಲಿಸಿ ನಡೆದುಬಂದ. ಮಾವನನ್ನೂ ಗೇಟನ್ನೂ ಅವಳನ್ನೂ ನೋಡಿದ.

"ಇಲ್ಲಿ ಮಾಡ್ಬಹುದಾ?"

"ಆದೇಶದಲ್ಲಿ ಗೇಟು ಅಂತಿದೆ. ಬೀದಿ ಅಂತಿಲ್ಲ."

ಅವನು ತೋಳು ಮಡಚಿಕೊಂಡ. ಮೇಷ್ಟ್ರು ಕತ್ತಿಯನ್ನು ತಾವಾಗಿಯೇ ಅವನ ಕೈಗಿಟ್ಟು ಗದ್ದ ಎತ್ತಿಕೊಟ್ಟರು. ಗುಳ್ಳೆಗಳನ್ನು ಬಳಸಿಕೊಂಡು ನಿಧಾನವಾಗಿ ಕತ್ತಿ ಇಳಿಯಿತು. ಅವಳು ಆ ಕೈಯನ್ನೇ ನೋಡುತ್ತಿದ್ದಳು. ಇದೇ ಕೈ ಅಂದು ಇಟ್ಟಿಗೆ ಎತ್ತಿದ್ದು. ಎರಡೂ ಸುಳ್ಳಲ್ಲ ಎನ್ನುವುದೇ ಅವಳ ಸಂಕಟ.

"ನೀನು ಭಯ ಅಂದಿದ್ದು," ಎಂದು ಅವನು ತಲೆ ಎತ್ತದೆ ಹೇಳಿದ, "ನಂಗೆ ಗೊತ್ತಿರ್ಲಿಲ್ಲ. ಸಿಟ್ಟು ಅಂದ್ಕೊಂಡಿದ್ದೆ."

ನೊರೆ ಒರೆಸಿ, ಬೆರಳ ಹಿಂಬದಿಯಿಂದ ಮಾವನ ಕೆನ್ನೆ ಸವರಿ ಅವನು ನೆಟ್ಟಗೆ ನಿಂತ ಮೇಲೆ ಅವಳು ಹೇಳಿದಳು:

"ನಾಳೆ ಬರ್ಕೊಡಿ. ಗೇಟು ದಾಟಲ್ಲ ಅಂತ. ಅಷ್ಟು ಬರೆದ್ರೆ ಸುಳ್ಳಾಗಲ್ಲ."

ಅವನು ಹೂಂ ಎಂದ.

ಅವಳು ಚಿಲಕ ತೆಗೆದು ಒಳಗಿನಿಂದಲೇ ಕುರ್ಚಿಯನ್ನು ಹಿಂದಕ್ಕೆ ಎಳೆದಳು. ಚಕ್ರ ಕಬ್ಬಿಣದ ಪಟ್ಟಿಗೆ ಸಿಕ್ಕಿಕೊಂಡಿತು. ಮತ್ತೆ ಎಳೆದಳು, ಬರಲಿಲ್ಲ. ಅವನು ಮುಂದೆ ಬಂದು ಬಗ್ಗಿ, ಮಾವನ ಕಾಲು ಇಟ್ಟ ಹಲಗೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿದ. ಕುರ್ಚಿ ಪಟ್ಟಿಯ ಮೇಲೆ ಹತ್ತಿ ಒಳಗೆ ಇಳಿಯತೊಡಗಿತು. ಗೇಟಿನ ಗೆರೆ ಬರುತ್ತಿದ್ದಂತೆ ಅವನ ಬೆರಳುಗಳು ಒಂದೊಂದಾಗಿ ಹಲಗೆಯನ್ನು ಬಿಟ್ಟವು. ಉಳಿದ ಭಾರವನ್ನು ಅವಳು ಎಳೆದುಕೊಂಡಳು.